ಅಡ್ಯಾರಿನ ಹಿತ್ತಾಳೆ ಸೀಟಿ

ಅಡ್ಯಾರ್ ಎಂದರೆ ನಮ್ಮ ಕರಾವಳಿಯವರು ಮಂಗಳೂರು ಪಕ್ಕದ ಅಡ್ಯಾರ್ ಎಂದುಕೊಳ್ಳುತ್ತಾರೆ. ಇದು ಅದಲ್ಲ, ಚೆನ್ನೈಯದು. ಇಲ್ಲಿನ ಗಾಂಧಿನಗರದ ಒಂದು ಹಳೇ ಮನೆಯಲ್ಲಿ ನಮ್ಮ ಮಾವ ಮಗಳೊಂದಿಗೆ ಇದ್ದಾರೆ. ಮೂಡಿಗೆರೆ ಕಡೆಯ ಕಾಫಿ ತೋಟದ ಮನುಷ್ಯ. ತೋಟ ಹಂಚಿಹೋಯಿತು, ಮಂಡಿ ಸವೆಯಿತು, ಮಗಳು ಕರೆದುಕೊಂಡು ಬಂದಳು. ಸಂಜೆ ಐದರ ಹೊತ್ತಿಗೆ ಕಡಲ ಗಾಳಿ ಬೀಸತೊಡಗಿದರೆ ಜಗಲಿಗೆ ಬಂದು ಕೂತು, ಮೊಮ್ಮಗಳನ್ನು ಕರೆಯಲು ಒಂದು ಹಿತ್ತಾಳೆ ಕೊಳವೆಯನ್ನು ಕೆಳತುಟಿಗೆ ಒತ್ತಿ ಊದುತ್ತಾರೆ. ಬೀದಿಯ ಕೊನೆಯವರೆಗೂ ಕೇಳುವ ಸೀಟಿ ಅದು.

ಆ ಕೊಳವೆ ನನ್ನ ತೋರುಬೆರಳಿಗಿಂತ ತುಸು ಚಿಕ್ಕದು. ಬುಡದಲ್ಲಿ ಒಂದು ಅಂಚು, ನಡುವೆ ತಾಮ್ರದ ಪುಟ್ಟ ಬಿಲ್ಲೆ, ಬಿಲ್ಲೆಯ ಮೇಲೆ ಸೂಜಿ ಕುಟ್ಟಿದ ಗುಳಿ. ಸುತ್ತ ಅಕ್ಷರಗಳು ಸವೆದಿವೆ. ಓರೆಯಾಗಿ ಬೆಳಕಿಗೆ ಹಿಡಿದರೆ .405 ಎಂಬ ಅಂಕಿ ಕಾಣುತ್ತದೆ. ಮಲೆನಾಡಿನಲ್ಲಿ ಖಾಲಿ ತೋಟಾ ಊದಿ ಸೀಟಿ ಹೊಡೆಯದ ನಮ್ಮ ತಲೆಮಾರಿನ ಹುಡುಗರೇ ಇರಲಿಲ್ಲ. ಆದರೆ ಅವೆಲ್ಲ ಹನ್ನೆರಡು ಬೋರಿನವು, ಬುಡಕ್ಕಷ್ಟೇ ಹಿತ್ತಾಳೆ, ಮೇಲೆ ರಟ್ಟು. ಇದು ಪೂರ್ತಿ ಹಿತ್ತಾಳೆಯದು. ಮಾವನ ತಂದೆ ಒಬ್ಬ ಬಿಳಿಯ ಪ್ಲಾಂಟರ್ ಜೊತೆ ಶಿಕಾರಿಗೆ ಹೋಗುತ್ತಿದ್ದಾಗ ಹೆಕ್ಕಿ ತಂದದ್ದಂತೆ.

"ಇದು ಎಂಥ ಗುಂಡು ಮಾವ?" ಎಂದೆ ಮೊದಲ ಸಲ ಕಂಡಾಗ.

"ಗುಂಡಲ್ಲ ಮಾರಾಯ, ತೋಟಾ. ಗುಂಡು ಹೋಗಿ ಎಷ್ಟು ಕಾಲ ಆಯ್ತೋ! ಹೋಗುವುದು ಗುಂಡು, ಕೈಲಿ ಉಳಿಯುವುದು ತೋಟಾದ ಬುಡ."

ನಮ್ಮ ಪತ್ರಿಕೆಗಳಿಗೆ ಈ ವ್ಯತ್ಯಾಸ ಬೇಕಾಗಿಲ್ಲ. 'ಸಜೀವ ಗುಂಡುಗಳು ಪತ್ತೆ' ಎಂದು ಬರೆಯುತ್ತೇವೆ, ಗುಂಡಿಗೇನೋ ಉಸಿರಾಡುವ ಅಭ್ಯಾಸ ಇದ್ದ ಹಾಗೆ. ಕೋವಿ ಹಿಡಿದವರ ಕನ್ನಡ ಇದಕ್ಕಿಂತ ಕರಾರುವಾಕ್ಕು. ನಳಿಗೆಯ ಬಾಯಿಂದ ಮದ್ದು, ಚರೆ ಹಾಕಿ ಗಜದಲ್ಲಿ ಜಡಿಯುವುದು ಕೇಪಿನ ಕೋವಿ. ಬುಡದಲ್ಲಿ ಮುರಿದು ತುಂಬುವುದು ತೋಟಾ ಕೋವಿ. ಸಿಡಿಯುವುದು ಕೇಪು, ಉರಿಯುವುದು ಮದ್ದು, ಹಾರುವುದು ಗುಂಡು. ಈ ಮೂರನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಹಿತ್ತಾಳೆಯ ಮನೆಯೇ ತೋಟಾ.

.405 ಎಂಬ ಅಂಕಿ ಕಂಡಾಗ ನನಗೆ ಮೈ ಜುಮ್ಮೆಂದದ್ದಕ್ಕೆ ಕಾರಣ ಬೇಟೆಗಾರ, ಬರಹಗಾರ ಕೆನೆತ್ ಆಂಡರ್ಸನ್. 1910ರಲ್ಲಿ ಬೊಲಾರಮ್ಮಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ ಮಾಡಿ, 1974ರಲ್ಲಿ ಆ ಊರಿನಲ್ಲೇ ತೀರಿಕೊಂಡವರು. ಅವರ ಕತೆಗಳನ್ನು ಕನ್ನಡಕ್ಕೆ ತಂದು ಕನ್ನಡಿಗರಿಗೆ ಅವರನ್ನು ಮನೆಯವರನ್ನಾಗಿ ಮಾಡಿದ್ದು ಲೇಖಕ ತೇಜಸ್ವಿ. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಎಂದು ನಾಲ್ಕು ಭಾಗಗಳಲ್ಲಿ ಬಂದ ಕಾಡಿನ ಕಥೆಗಳನ್ನು ಓದದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆಂಡರ್ಸನ್ನರ ಮೊದಲ ಪುಸ್ತಕದ ಮೊದಲ ಕತೆ ಜವಳಗಿರಿಯ ಹುಲಿಯದು. ಡೆಂಕಣಿಕೋಟೆಯ ಆಚೆ, ಕನ್ನಡ ತೆಲುಗು ತಮಿಳು ಮೂರೂ ಒಂದೇ ಅಂಗಡಿಯ ಮುಂದೆ ಕೇಳಿಸುವ ಸೀಮೆ. ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಆ ಕಾಡುಗಳಲ್ಲೆಲ್ಲ ಆಂಡರ್ಸನ್ ಹೆಗಲಲ್ಲಿ ಇದ್ದದ್ದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲ್. ಜಿಮ್ ಕಾರ್ಬೆಟ್ ಎಂದರೆ ಲಂಡನ್ನಿನ ರಿಗ್ಬಿ ನೆನಪಾಗುವಂತೆ ಆಂಡರ್ಸನ್ ಎಂದರೆ ಈ ವಿಂಚೆಸ್ಟರ್.

ಇದು ಲಿವರ್ ರೈಫಲ್. ಸ್ಕೂಲಿನ ವಿಜ್ಞಾನ ಪಾಠದಲ್ಲಿ ಲಿವರಿಗೆ ಸನ್ನೆ ಎಂದಿದ್ದರು. ಇಲ್ಲಿ ಆ ಸನ್ನೆ ಬೆರಳುಗಳನ್ನು ತೂರಿಸುವ ಒಂದು ಕಬ್ಬಿಣದ ಬಳೆ, ಕುದುರೆಯ (ಟ್ರಿಗರಿನ) ಹಿಂದೆ ಹಿಡಿಯ ಕೆಳಗೆ ಇರುತ್ತದೆ. ಅದನ್ನು ಕೆಳಕ್ಕೆ ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಚಿಮ್ಮಿ ಹೊರಬೀಳುತ್ತದೆ, ವಾಪಸ್ಸು ಎಳೆದರೆ ಹೊಸ ತೋಟಾ ಒಳಸೇರುತ್ತದೆ. ಕೋವಿ ಹೆಗಲಿಂದ ಇಳಿಯಬೇಕಾಗಿಲ್ಲ, ಕಣ್ಣು ಹುಲಿಯಿಂದ ಕದಲಬೇಕಾಗಿಲ್ಲ. ಜೋಡುನಳಿಗೆಯಲ್ಲಿ ಎರಡೇ ಈಡು. ಇದರಲ್ಲಿ ಮೂರನೆಯದೂ ಇದೆ, ನಾಲ್ಕನೆಯದೂ ಇದೆ. ಮರದ ಮೇಲೆ ಕತ್ತಲಲ್ಲಿ ಒಬ್ಬನೇ ಮರಸು ಕೂತವನಿಗೆ ಆ ಮೂರನೆಯ ಈಡು ಎಷ್ಟು ಧೈರ್ಯ ಕೊಟ್ಟೀತು ಎಂಬುದನ್ನು ನಾವು ಊಹಿಸಿಕೊಳ್ಳಬಹುದು.

ಅಡ್ಯಾರಿಗೂ ಲಿವರ್ ಕೋವಿಗೂ ಏನು ಸಂಬಂಧ ಎಂದರೆ, ಇದೆ. ಗಾಂಧಿನಗರದಿಂದ ನಡೆದೇ ಹೋಗಬಹುದಾದ ಥಿಯೊಸಾಫಿಕಲ್ ಸೊಸೈಟಿಯ ತೋಟವನ್ನು 1882ರಲ್ಲಿ ಕೊಂಡವರಲ್ಲಿ ಒಬ್ಬರು ಕರ್ನಲ್ ಹೆನ್ರಿ ಸ್ಟೀಲ್ ಓಲ್ಕಾಟ್. ಅಲ್ಲಿನ ದೊಡ್ಡ ಆಲದಮರ ನೋಡಲು ಬರುವವರಿಗೆ ಅವರು ಗಡ್ಡದ ಋಷಿ. ಆದರೆ 'ಕರ್ನಲ್' ಎಂಬುದು ಅಮೆರಿಕದ ಅಂತರ್ಯುದ್ಧ ಕಾಲದ ಬಿರುದು. 1865ರಲ್ಲಿ ಲಿಂಕನ್ ಹತ್ಯೆಯ ತನಿಖೆಗೆ ನೇಮಿಸಿದ ಅಧಿಕಾರಿಗಳಲ್ಲಿ ಓಲ್ಕಾಟರೂ ಇದ್ದರು. ಆ ಮೊಕದ್ದಮೆಯ ಮುಖ್ಯ ಸಾಕ್ಷ್ಯಗಳಲ್ಲಿ ಒಂದು, ಹಂತಕ ಬೂತ್ ಓಡಿಹೋಗುವಾಗ ಹಳ್ಳಿಯ ಹೋಟೆಲೊಂದರಿಂದ ಒಯ್ದ ಸ್ಪೆನ್ಸರ್ ಕಾರ್ಬೈನ್. ಅದೂ ಲಿವರ್ ಎಳೆದು ಹೊಡೆಯುವ ಕೋವಿಯೇ. ಅದೇ ಯುದ್ಧದಲ್ಲಿ ಬಂದ ಹೆನ್ರಿ ರೈಫಲಿಗೆ ಹದಿನಾರು ತೋಟಾ ಹಿಡಿಯುತ್ತಿತ್ತು. ಭಾನುವಾರ ತುಂಬಿಕೊಂಡು ವಾರವಿಡೀ ಹೊಡೆಯುವ ಕೋವಿ ಎಂದು ಎದುರಾಳಿಗಳು ಬೈಯುತ್ತಿದ್ದರಂತೆ. ಭಾನುವಾರದ ಪುರವಣಿಗೆ ಬರೆಯುತ್ತಾ ಇದನ್ನು ಬಿಡಲು ಮನಸ್ಸಾಗಲಿಲ್ಲ.

ಹೆನ್ರಿ ರೈಫಲಿನ ನಂತರ ಬಂದ ಬಹುಪಾಲು ಲಿವರ್ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಇನ್ನೊಂದು ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಒಂದರ ಮೂತಿ ಮುಂದಿನದರ ಬುಡಕ್ಕೆ, ಅಂದರೆ ಕೇಪಿಗೆ, ಒತ್ತಿಕೊಂಡಿರುತ್ತದೆ. ಗುಂಡಿನ ಮೂತಿ ಚೂಪಾಗಿದ್ದರೆ ಕೋವಿ ಒದ್ದ ರಭಸಕ್ಕೆ ಅದೇ ಸೂಜಿಯಾಗಿ ಮುಂದಿನ ಕೇಪನ್ನು ಕುಟ್ಟಬಹುದು. ಆಮೇಲೆ ಕೊಳವೆಯೊಳಗೇ ಢಂ! ಹಾಗಾಗಿ ಲಿವರ್ ಕೋವಿಯವರು ಗುಂಡು ಆರಿಸುವಾಗ ಮೊದಲು ನೋಡುವುದು ಮೂತಿ. ಅದು ಚಪ್ಪಟೆಯಾಗಿರಬೇಕು, ಇಲ್ಲವೇ ಮೊಂಡಾಗಿರಬೇಕು. ಮೊಂಡ ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ, ದೂರಕ್ಕೆ ಹೋಗುವಷ್ಟರಲ್ಲಿ ಬಾಗಿಬಿಡುತ್ತದೆ. ಮುಖ್ಯವಾಗಿ ಈ ಕಾರಣಕ್ಕೇ ನೂರು ವರ್ಷ ಲಿವರ್ ಕೋವಿ ಎಂದರೆ ಹತ್ತಿರದ ಬೇಟೆಯ ಕೋವಿ ಎಂಬ ಹೆಸರಾಯಿತು. ಮೆತ್ತನೆಯ ಪ್ಲಾಸ್ಟಿಕ್ ತುದಿಯ ಚೂಪು ಗುಂಡುಗಳು ಬಂದದ್ದು ಈ ಶತಮಾನದಲ್ಲಿ.

ಜಾನ್ ಮೋಸಸ್ ಬ್ರೌನಿಂಗ್ ಎಂಬ ಮಹಾ ಕೋವಿಗಾರ 1895ರ ಮಾದರಿಯಲ್ಲಿ ಮಾಡಿದ ಬದಲಾವಣೆ ಈ ಮೂತಿಯ ತೊಂದರೆಯನ್ನು ನೀಗಿಸಿತು. ಕೊಳವೆ ತೆಗೆದು ಹಾಕಿ, ಕುದುರೆಯ ಮುಂದೆ ಒಂದು ಪೆಟ್ಟಿಗೆ ಕೂರಿಸಿದ. ತೋಟಾಗಳು ಒಂದರ ಮೇಲೊಂದು ಮಲಗಿದವು, ಮೂತಿ ಹೇಗಿದ್ದರೂ ಚಿಂತೆಯಿಲ್ಲ. ಹೊರಬಂದ ಸುಮಾರು 4.25 ಲಕ್ಷ ರೈಫಲುಗಳಲ್ಲಿ 2.9 ಲಕ್ಷಕ್ಕೂ ಹೆಚ್ಚು ಮೊದಲ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಸೈನ್ಯಕ್ಕೆ ಹೋದವು. 1904ರಲ್ಲಿ ಇದೇ ಮಾದರಿಗೆಂದು .405 ತೋಟಾ ಬಂತು. ಥಿಯೊಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಸಿಂಹದ ಬೇಟೆಗೆ ಹೋದಾಗ ಇದನ್ನು ಒಯ್ದು, ಊರೂರಿಗೆ ಇದರ ಹೆಸರು ಹಬ್ಬಿಸಿದರು. ಒದೆತಕ್ಕೂ ಅಷ್ಟೇ ಹೆಸರುವಾಸಿ. ಹೆಗಲಿಗೆ ಸರಿಯಾಗಿ ಒತ್ತಿಕೊಳ್ಳದೆ ಹೊಡೆದವನು ಮರುದಿನ ಅಂಗಿ ತೊಡುವಾಗ ನೆನೆಸಿಕೊಳ್ಳುತ್ತಿದ್ದ.

ಅದರ ಗುಂಡಿನ ತೂಕ 300 ಗ್ರೇನ್. ಗ್ರೇನ್ ಎಂದರೆ ಓದುಗರು ಗ್ರಾಂ ಎಂದುಕೊಂಡು ಗಾಬರಿಯಾಗಬಾರದು. ಗುಂಡು, ಮದ್ದು ಎರಡನ್ನೂ ತೂಗುವುದು ಈ ಹಳೇ ಮಾನದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಲೆಕ್ಕಕ್ಕೆ ಇದು ಎಷ್ಟು ಸಲೀಸಾಗಿ ಕೂರುತ್ತದೆ ನೋಡಿ. ತೊಲಕ್ಕೆ 180 ಗ್ರೇನ್, ತೊಲಕ್ಕೆ 96 ಗುಲಗಂಜಿ. ಹಾಗಾಗಿ ಆಂಡರ್ಸನ್ನರ ಒಂದು ಗುಂಡು 160 ಗುಲಗಂಜಿ ತೂಗುತ್ತದೆ, ಒಂದೂ ಮುಕ್ಕಾಲು ತೊಲಕ್ಕೆ ತುಸು ಕಡಿಮೆ. ಒಂದು ಜೊತೆ ಬಳೆಯ ತೂಕದ ಸೀಸ, ಸೆಕೆಂಡಿಗೆ 2200 ಅಡಿ ವೇಗದಲ್ಲಿ.

ಸೀಸವೆಂದೆ, ಆದರೆ ಬರೀ ಸೀಸ ಆ ವೇಗಕ್ಕೆ ನಳಿಗೆಗೇ ಮೆತ್ತಿಕೊಳ್ಳುತ್ತದೆ. ಅದಕ್ಕೆ ತಾಮ್ರ ಬೆರೆತ ಲೋಹದ ಅಂಗಿ ತೊಡಿಸುತ್ತಾರೆ. ಅಂಗಿ ಮೂತಿಯವರೆಗೂ ಮುಚ್ಚಿದ್ದರೆ ಗಟ್ಟಿ ಗುಂಡು. ಆನೆ, ಕಾಟಿಯಂಥ ದಪ್ಪ ಮೂಳೆಯ ಪ್ರಾಣಿಗೆ ಅದು. ಮೂತಿಯಲ್ಲಿ ಸೀಸ ಬಿಟ್ಟಿದ್ದರೆ ಮೆದು ಮೂತಿಯ ಗುಂಡು. ಹುಲಿ, ಚಿರತೆಗೆ ಅದು. ಒಳಹೊಕ್ಕ ಮೇಲೆ ಅಣಬೆಯ ಹಾಗೆ ಅರಳಿ, ಇದ್ದ ಶಕ್ತಿಯನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಹುಲಿಗೆ ಗಟ್ಟಿ ಗುಂಡು ಹೊಡೆದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗುತ್ತದೆ. ಹುಲಿ ಪೊದೆ ಸೇರುತ್ತದೆ. ಗಾಯಗೊಂಡ ಹುಲಿ ಪೊದೆ ಸೇರಿದ ಮೇಲೆ ಏನಾಗುತ್ತದೆ ಎಂಬುದೇ ಆಂಡರ್ಸನ್ನರ ಅರ್ಧ ಪುಸ್ತಕ.

ಮೂತಿ ಅರಳುವ ಈ ಗುಂಡಿಗೆ ಜಗತ್ತಿನಾದ್ಯಂತ ಅಂಟಿದ ಹೆಸರು ನಮ್ಮ ದೇಶದ ಊರಿನದು: ಕಲ್ಕತ್ತದ ಪಕ್ಕದ ದಮ್‌ದಮ್. 1890ರ ದಶಕದಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಇದು ಸೈನಿಕರಿಗಾಗಿ ತಯಾರಾಯಿತು. 1899ರಲ್ಲಿ ಹೇಗ್ ಸಮ್ಮೇಳನ ಯುದ್ಧದಲ್ಲಿ ಇಂಥ ಗುಂಡು ಕೂಡದು ಎಂದು ಘೋಷಿಸಿತು. ಮನುಷ್ಯನಿಗೆ ಕ್ರೂರ ಎನಿಸಿದ್ದೇ ಪ್ರಾಣಿಗೆ ದಯೆ ಎನಿಸಿಕೊಂಡಿತು, ನರಳಿಸದೆ ಕೊಲ್ಲುತ್ತದಲ್ಲ ಎಂದು. ಎರಡೂ ಮಾತು ಅವರವರ ಮಟ್ಟಿಗೆ ನಿಜವೇ.

ಅಡ್ಯಾರಿನ ಉಪ್ಪು ಗಾಳಿಗೆ ಹಿತ್ತಾಳೆ ವಾರಕ್ಕೊಮ್ಮೆ ಕಪ್ಪಾಗುತ್ತದೆ. ಮಾವ ಆ ಕೊಳವೆಯನ್ನು ದೇವರ ಪಾತ್ರೆಗಳ ಜೊತೆಗೇ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ. ಒಂದು ಸಲ ನಾನು ಅಂಗಡಿಯಿಂದ ಪಾಲಿಷ್ ಡಬ್ಬಿ ತಂದುಕೊಟ್ಟೆ. ಮುಚ್ಚಳ ತೆಗೆದು ಮೂಸಿ ನೋಡಿ ಪಕ್ಕಕ್ಕಿಟ್ಟರು. "ಇದರಲ್ಲಿ ನವಸಾಗರದ ವಾಸನೆ ಉಂಟು. ಹಿತ್ತಾಳೆಗೆ ಆಗದು. ಬಿರುಕು ಬಿಡ್ತದೆ." ಹಳ್ಳಿ ನಂಬಿಕೆ ಎಂದುಕೊಂಡೆ. ಆಮೇಲೆ ಓದಿದರೆ, ಇದು ಲೋಹಶಾಸ್ತ್ರದ ದೊಡ್ಡ ಅಧ್ಯಾಯ, ಶುರುವಾದದ್ದೂ ನಮ್ಮ ಮಳೆಗಾಲದಲ್ಲೇ! ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಪೇರಿಸಿಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೊಳವೆಯ ಬಾಯಿ ಸೀಳಿರುತ್ತಿತ್ತು. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ಮಳೆಗಾಲದಲ್ಲಿ ಬರುವ ರೋಗ ಎಂದು 'ಋತುವಿನ ಬಿರುಕು' ಎಂಬರ್ಥದ ಹೆಸರನ್ನೂ ಇಟ್ಟರು. ಕಾರಣ ಹೊರಬಿದ್ದದ್ದು 1921ರಲ್ಲಿ: ಕುದುರೆಯ ಗಂಜಲದಿಂದ ಏಳುವ ಅಮೋನಿಯ. ತೋಟಾದ ಕೊಳವೆಯನ್ನು ತಣ್ಣಗಿನ ಹಿತ್ತಾಳೆಯ ಬಿಲ್ಲೆಯಿಂದ ಎಳೆದೆಳೆದು ಮಾಡುತ್ತಾರೆ. ಆ ಎಳೆತದ ಬಿಗುವು ಲೋಹದೊಳಗೆ ಹಾಗೇ ಉಳಿದಿರುತ್ತದೆ. ಅಮೋನಿಯ ತಾಮ್ರವನ್ನು ತಿನ್ನಲು ಹತ್ತಿತೋ, ಬಿಗುವಿದ್ದ ಕಡೆ ಪಟ್ಟನೆ ಬಿರುಕು. ಪರಿಹಾರ ಸರಳವಾಗಿತ್ತು, ತುಸು ಕಾಯಿಸಿ ಬಿಗುವು ಇಳಿಸುವುದು. ಈಗಲೂ ಕೆಲವು ಹೊಸ ತೋಟಾಗಳ ಕತ್ತಿನಲ್ಲಿ ನವಿಲಿನ ಕುತ್ತಿಗೆಯಂಥ ನೀಲಿ ಛಾಯೆ ಕಾಣುತ್ತದಲ್ಲ, ಅದು ಕಾಯಿಸಿದ ಗುರುತು.

ಹಿತ್ತಾಳೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ತೋಟಾದಲ್ಲಿ ಮತ್ತೆ ಮತ್ತೆ ಬಳಸಬಹುದಾದ ಭಾಗ ಅದೊಂದೇ. ಸಿಡಿದ ಕೇಪು ಕಿತ್ತು ಹೊಸದು ಕೂರಿಸಿ, ಉಬ್ಬಿದ ಕೊಳವೆಯನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ತೂಗಿದ ಮದ್ದು ಸುರಿದು, ಮೇಲೆ ಗುಂಡು ಒತ್ತಿದರೆ ಮತ್ತೊಂದು ತೋಟಾ. ಅಮೆರಿಕದಲ್ಲಿ ಇದು ಮನೆಗೆಲಸದ ಹಾಗೆ ಬೆಳೆದ ಹವ್ಯಾಸ. ವಿಂಚೆಸ್ಟರ್ ಕಂಪನಿಯೇ 1870ರ ದಶಕದಿಂದ ತೋಟಾ ತುಂಬುವ ಸಾಮಾನು, ಗುಂಡು ಎರೆಯುವ ಅಚ್ಚು ಮಾರುತ್ತಿತ್ತು. ಪೇಟೆಯಿಂದ ವಾರಗಟ್ಟಲೆ ದೂರ ಇದ್ದವನಿಗೆ ಖಾಲಿ ತೋಟಾ ಎಸೆಯುವುದೆಂದರೆ ಖಾಲಿ ಬಾಟಲಿ ಎಸೆದ ಹಾಗಲ್ಲ, ಪಾತ್ರೆ ಎಸೆದ ಹಾಗೆ.

ಲಿವರ್ ಕೋವಿಗೆ ತುಂಬುವವರಿಗೆ ಇನ್ನೂ ಎರಡು ಎಚ್ಚರ ಬೇಕು. ಬೋಲ್ಟ್ ರೈಫಲಿಗೆ ಒತ್ತಿ ತಿರುಗಿಸುವ ಬಲವಿದೆ, ಕೊಂಚ ಉಬ್ಬಿದ ತೋಟಾವನ್ನೂ ಗದರಿಸಿ ಒಳಕೂರಿಸುತ್ತದೆ. ಲಿವರಿಗೆ ಆ ಜೋರಿಲ್ಲ, ಹಿತ್ತಾಳೆ ಅಳತೆ ಮೀರಿದರೆ ಅರ್ಧದಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಎರಡನೆಯದು, ಕೊಳವೆಯಲ್ಲಿ ಸ್ಪ್ರಿಂಗ್ ಒತ್ತುವ ರಭಸಕ್ಕೆ ಗುಂಡು ಒಳಕ್ಕೆ ಕುಸಿಯದಂತೆ ತೋಟಾದ ಬಾಯಂಚನ್ನು ಗುಂಡಿನ ಸೊಂಟದ ಗೀರಿಗೆ ಕಚ್ಚಿಸಬೇಕು. ಗೀರಿಲ್ಲದ ಗುಂಡು ಎಷ್ಟೇ ಚೆಂದವಿದ್ದರೂ ಈ ಕೋವಿಗೆ ಬೇಡ.

ನಮ್ಮಲ್ಲಿ ರೈಫಲ್ ತೋಟಾ ತುಂಬಿದವರು ಅಪರೂಪ. ಹನ್ನೆರಡು ಬೋರಿನದು ಮಾತ್ರ ಮಲೆನಾಡಿನ ಜಗಲಿಗಳಲ್ಲಿ ಧಾರಾಳ ನಡೆಯಿತು. ಮಾವ ಹೇಳುವಾಗ ಕೈಗಳೂ ಆಡುತ್ತವೆ. ಮೇಜಿನ ಅಂಚಿಗೆ ತಿರುಪಿನಲ್ಲಿ ಬಿಗಿದ ಸಣ್ಣ ಯಂತ್ರ. ಹಿತ್ತಾಳೆ ಅಳತೆ ಚಮಚದಲ್ಲಿ ಮದ್ದು, ಅದರ ಮೇಲೆ ರಟ್ಟಿನ ಬಿಲ್ಲೆ, ಬಿಲ್ಲೆ ಸಿಗದಾಗ ತೆಂಗಿನ ನಾರು, ಮೇಲೆ ಚರೆ, ಅದರ ಮೇಲೆ ಇನ್ನೊಂದು ಬಿಲ್ಲೆ. ಕೊನೆಗೆ ಹಿಡಿಕೆ ತಿರುಗಿಸಿದರೆ ರಟ್ಟಿನ ಅಂಚು ಒಳಕ್ಕೆ ಸುರುಳಿಯಾಗಿ ಮಡಚಿಕೊಳ್ಳುತ್ತಿತ್ತು, ಕರಿಗಡುಬಿನ ಅಂಚಿನ ಹಾಗೆ. ಮಕ್ಕಳಿಗೆ ಹಿಡಿಕೆ ತಿರುಗಿಸುವ ಅವಕಾಶ ಸಿಕ್ಕರೆ ಹಬ್ಬ. ಚಮಚ ಮುಟ್ಟಿದರೆ ಮಾತ್ರ ಬೆನ್ನಿಗೆ ಬೀಳುತ್ತಿತ್ತು. ಯಾಕೆಂದರೆ ಹೊಗೆ ಬರುವ ಕರಿಮದ್ದು ಒಂದು, ಹೊಗೆಯಿಲ್ಲದ ಮದ್ದು ಇನ್ನೊಂದು. ಕರಿಮದ್ದಿನ ಚಮಚದಲ್ಲಿ ಹೊಗೆಯಿಲ್ಲದ್ದನ್ನು ತುಂಬಿದರೆ ನಳಿಗೆಯೇ ಸಿಡಿಯುತ್ತದೆ. ಅವರ ಊರಿನಲ್ಲಿ ಹಾಗೆ ಎಡಗೈಯ ಎರಡು ಬೆರಳು ಕಳೆದುಕೊಂಡವರೊಬ್ಬರು ಇದ್ದರಂತೆ. ಎಲೆಗೆ ಸುಣ್ಣ ಸವರುವುದನ್ನು ಅವರು ಬಲಗೈಯಲ್ಲಿ ಹೊಸದಾಗಿ ಕಲಿತರು ಎಂದು ಮಾವ ಈಗಲೂ ಮಾಡಿ ತೋರಿಸುತ್ತಾರೆ.

ಆಂಡರ್ಸನ್ನರ ಮೊದಲ ಪುಸ್ತಕ ಅಚ್ಚಾದದ್ದು 1954ರಲ್ಲಿ. ಅಷ್ಟರಲ್ಲಾಗಲೇ ವಿಂಚೆಸ್ಟರ್ ಆ ರೈಫಲ್ ಮಾಡುವುದನ್ನು ನಿಲ್ಲಿಸಿಯಾಗಿತ್ತು. 1955ರ ಹೊತ್ತಿಗೆ .405 ತೋಟಾವನ್ನೂ ಕೈಬಿಟ್ಟಿತು. ಜಗತ್ತು ಆ ಕೋವಿಯ ಕತೆ ಓದಲು ಶುರುಮಾಡಿದ ಹೊತ್ತಿಗೆ ಕೋವಿಯ ಅನ್ನ ನಿಂತುಹೋಗಿತ್ತು. ತೇಜಸ್ವಿಯವರ ಓದುಗರಾದ ನಮಗೆ ಹುಲಿ ಗೊತ್ತು, ಬೇಟೆಗಾರ ಗೊತ್ತು, ಕೋವಿಯೂ ಗೊತ್ತು. ಅಂಗಡಿಯಲ್ಲಿ ಇನ್ನೆಷ್ಟು ಪೊಟ್ಟಣ ಉಳಿದಿವೆ ಎಂಬುದರ ಮೇಲೆ ಇದೆಲ್ಲ ನಿಂತಿತ್ತೆಂಬುದು ಹೊಳೆಯಲೇ ಇಲ್ಲ. ತೋಟಾ ಸಿಗದ ಕೋವಿ ಒಂದು ಕಬ್ಬಿಣದ ಕೋಲು, ಸುಮಾರು ಎಂಟು ಪೌಂಡಿನದು.

.405 ಬೇರೆಯವಕ್ಕೆ ಸುಲಭವಾಗಿ ಹೊಂದದ ಜಾತಿ. ಅದರ ಗುಂಡಿನ ಅಡ್ಡಳತೆ 0.411 ಇಂಚು. ಎಲ್ಲೆಡೆ ಸಿಗುವ ದೊಡ್ಡ ಬೇಟೆಯ ಗುಂಡು 0.416. ವ್ಯತ್ಯಾಸ ಎರಡು ತಲೆಗೂದಲಿನ ದಪ್ಪ, ಆದರೂ ಆಗದು. ಹಾಗಾಗಿ ಅರ್ಧ ಶತಮಾನ ಅಮೆರಿಕದ ಹಟಮಾರಿಗಳು ಹಳೇ ಹಿತ್ತಾಳೆಗೆ ಮತ್ತೆ ಮತ್ತೆ ಮದ್ದು ತುಂಬಿ, ಗುಂಡು ತಾವೇ ಎರೆದು, ಈ ಕೋವಿಯನ್ನು ಬದುಕಿಸಿಕೊಂಡರು. ಹೊಸ ಶತಮಾನ ಶುರುವಾದ ಮೇಲೆ ವಿಂಚೆಸ್ಟರ್ ಹೆಸರಿನಲ್ಲೇ ಈ ರೈಫಲ್ ಮರಳಿ ಬಂತು, ಜಪಾನಿನಲ್ಲಿ ತಯಾರಾಗಿ. ಹಾರ್ನಡಿ ಕಂಪನಿ ತೋಟಾ ಮಾಡಿತು.

ಇಲ್ಲಿ ಅದಕ್ಕೆಲ್ಲ ಅರ್ಥ ಉಳಿದಿಲ್ಲ. 1972ರ ವನ್ಯಜೀವಿ ಕಾಯಿದೆಯೊಂದಿಗೆ ಶಿಕಾರಿ ಮುಗಿಯಿತು. ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯಿದೆಯಡಿ ಅಪರಾಧ. ಲೈಸೆನ್ಸ್ ಇದ್ದವರೂ ಚುನಾವಣೆ ಬಂದಾಗ ಕೋವಿ ಹೊತ್ತು ಠಾಣೆಗೆ ಹೋಗಬೇಕು. ಕೊಡಗಿನವರಿಗೆ ಮಾತ್ರ ಬ್ರಿಟಿಷರ ಕಾಲದ ಲೈಸೆನ್ಸ್ ವಿನಾಯಿತಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್‌ಗೆ, ಅಂದರೆ ಕೋವಿಗೆ, ಹೂ ಮುಡಿಸಿ ಪೂಜಿಸುತ್ತಾರೆ, ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಒಂದು ತೆಂಗಿನಕಾಯಿಗೆ ಮೆದು ಮೂತಿಯೋ ಗಟ್ಟಿ ಮೂತಿಯೋ ಎಂದು ಯಾರೂ ಚರ್ಚಿಸುವುದಿಲ್ಲ.

ಇನ್ನು ಅಡ್ಯಾರ್. ಇಲ್ಲಿ 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆಯ ವಿರುದ್ಧ ಮಸೂದೆ ಮಂಡಿಸಿದವರು. ಅದರಿಂದಾಗಿಯೇ 1960ರ ಕಾಯಿದೆ ಬಂತು. ಅದರಡಿ 1962ರಲ್ಲಿ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಮಂಡಳಿಯ ಕೇಂದ್ರ ಕಚೇರಿ ಬಹಳ ಕಾಲ ಚೆನ್ನೈಯಲ್ಲೇ ಇತ್ತು. ಇಂಥ ಊರಿನ ದೇವರ ಗೂಡಿನ ಪಕ್ಕ ಹುಲಿ ಹೊಡೆಯುವ ತೋಟಾ ಹೊಳೆಯುತ್ತಾ ಕೂತಿದೆ ಎಂದು ನಾನು ಛೇಡಿಸಿದರೆ, ಮಾವ, "ಅದು ಈಗ ಸೀಟಿ ಮಾರಾಯ" ಎನ್ನುತ್ತಾರೆ. ಆದರೂ ಮಗಳ ಜೊತೆ ವಿಮಾನದಲ್ಲಿ ಬೆಂಗಳೂರಿಗೆ ಹೋಗುವಾಗ ಮರೆಯದೆ ಕೈಚೀಲದಿಂದ ತೆಗೆದಿಡುತ್ತಾರೆ. ಸೀಟಿ ಎಂದರೆ ಏರ್‌ಪೋರ್ಟಿನವರು ನಂಬಬೇಕಲ್ಲ.

ಹಾಗೆ ಕಳೆದ ಸಲ ಹೋದವರು ಹದಿನೈದು ದಿನ ಬಿಟ್ಟು ಬಂದರು. ಸಂಜೆ ಜಗಲಿಗೆ ಕೂತು, ಕಿಟಕಿಯ ಕಟ್ಟೆಯಿಂದ ಕೊಳವೆ ತೆಗೆದು ತುಟಿಗೆ ಒತ್ತಿ ಊದಿದರು. ಸದ್ದಿಲ್ಲ. ಮತ್ತೆ ಊದಿದರು. ಬಾಯಿಗೆ ಮಣ್ಣಿನ ರುಚಿ ಬಂತಂತೆ. ಕನ್ನಡಕ ಹಾಕಿ ನೋಡಿದರೆ, ಕೊಳವೆಯ ಬಾಯಿಯ ಅಂಚಿಗೆ ಸರಿಯಾಗಿ, ಒಂದಿಷ್ಟೂ ಹೊರಚಾಚದಂತೆ, ನುಣ್ಣಗೆ ಕೆಸರು ಮೆತ್ತಿ ಮುಚ್ಚಿತ್ತು. ಕುಂಬಾರ ಹುಳದ ಕೆಲಸ. ಒಳಗೆ ಮೊಟ್ಟೆ, ಮರಿಗೆ ಆಹಾರಕ್ಕೆಂದು ಕಚ್ಚಿ ತಂದ ಹಸಿರು ಹುಳ.

ಮೊಮ್ಮಗಳು ಕಡ್ಡಿ ತಂದಳು. ಮಾವ ಬೇಡವೆಂದರು. ಅಂಗೈ ಮೇಲಿಟ್ಟು ಹಿಂದೆ ಮುಂದೆ ತಿರುಗಿಸಿ, "ಎಷ್ಟು ಚೆನ್ನಾಗಿ ತುಂಬಿದೆ ನೋಡು" ಎಂದು, ಬಾಯಿ ಮೇಲಾಗಿ ಕಿಟಕಿಯ ಕಟ್ಟೆಯಲ್ಲೇ ವಾಪಸ್ಸು ನಿಲ್ಲಿಸಿದರು. ಈಗ ಮೂರು ವಾರದಿಂದ ಮೊಮ್ಮಗಳನ್ನು ಹೆಸರು ಹಿಡಿದೇ ಕೂಗುತ್ತಿದ್ದಾರೆ.